ಬಾಟಲಿಯ ತಳದ ನೀರು

ಸಿಟ್ಟು ಬಂದರೆ ಶಿವಮ್ಮ ಮಿಸ್ ಕನ್ನಡಕವನ್ನು ತಲೆಯ ಮೇಲೇರಿಸುತ್ತಿದ್ದರು. ಅಲ್ಲಿಗೆ ಇಂಗ್ಲಿಷು ಮುಗಿಯಿತು, ಮುಂದೆಲ್ಲ ಮದ್ದೂರಿನ ಕನ್ನಡ. ಇವತ್ತಿಗೂ ಅದನ್ನು ಮಾಡಿ ತೋರಿಸಬಲ್ಲೆ. ನನ್ನ ಮೂಗು ಉದ್ದ, ಕನ್ನಡಕದ ಪ್ರಯಾಣ ತುಸು ಹೆಚ್ಚು, ಅಷ್ಟೇ.

ನೆವಾರ್ಕಿನ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರು. ಗಿಡ ನೆಡುವ ದಿನ ದೊಡ್ಡವರೇ ಗುಂಡಿ ತೋಡಿಟ್ಟು, ಮಕ್ಕಳ ಕೈಗೆ ಸಲಿಕೆ ಕೊಟ್ಟು ಫೋಟೊ ತೆಗೆಯುವುದು ಅಲ್ಲಿನ ಪದ್ಧತಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮಿಸ್ ಆ ಗುಂಡಿ ಮುಚ್ಚಿಸಿ ನಮ್ಮಿಂದಲೇ ಮತ್ತೆ ತೋಡಿಸಿದರು. ನನ್ನ ಸಲಿಕೆ ನೋಡಿ, "ಪಾಯಸ ಬಡಿಸ್ತಿದ್ದೀಯೇನ್ಲಾ?" ಎಂದರು.

ಬಾಟಲಿಯಲ್ಲಿ ಉಳಿದ ನೀರನ್ನು ಸಿಂಕಿಗೆ ಚೆಲ್ಲುವಂತಿಲ್ಲ. ಗೇಟಿನ ಪಕ್ಕ ನಾವು ನೆಟ್ಟ ಆ ಓಕ್ ಗಿಡಕ್ಕೆ ಸುರಿದೇ ಕಾರು ಹತ್ತಬೇಕು. ಅದು ಮಿಸ್ ಕಟ್ಟಳೆ. ಫ್ರಿಸ್ಬಿ ಬಡಿದು ಕೊಂಬೆ ಸೀಳಿದಾಗ ತಮ್ಮ ಹಸಿರು ದುಪಟ್ಟಾ ಹರಿದು ಕಟ್ಟಿದ್ದರು.

ಹೀಗೆ ನೀರು ಸುರಿಯುತ್ತ ನಿಂತರೆ ಕಾರುಗಳ ಸಾಲು ತಡವಾಗುತ್ತದಂತೆ. ಮಗು ಜಾರಿ ಬಿದ್ದರೆ ವಕೀಲರು ಬರುತ್ತಾರಂತೆ. ಪ್ರಿನ್ಸಿಪಾಲರು ನಿಲ್ಲಿಸಿಬಿಟ್ಟರು. ಬೇಸಿಗೆ ರಜೆಯಲ್ಲಿ ನೀರು ಹಾಕಲು ಮಿಸ್ ಗೇಟಿನ ಕೀಲಿ ಕೇಳಿದರೆ ಅದೂ ಇಲ್ಲ. ಹನಿ ಮಳೆಯಿಲ್ಲದ ಬೇಸಿಗೆ ಕಳೆದು ನಾವು ಮರಳಿದಾಗ ಗಿಡ ಒಣಗಿ ಪೊರಕೆಯಾಗಿತ್ತು.

ಅಷ್ಟರಲ್ಲಿ 'ಹಸಿರು ಶಾಲೆ' ಪ್ರಶಸ್ತಿಯವರು ನೋಡಲು ಬರುವ ಸುದ್ದಿ. ಸೋಮವಾರ ಬಂದು ನೋಡಿದರೆ ಅದೇ ಜಾಗದಲ್ಲಿ ನರ್ಸರಿಯಿಂದ ತಂದ ಹೊಸ ಓಕ್! ನಮ್ಮ ಹೆಸರಿನ ಹಲಗೆ ಮಾತ್ರ ಹಳೆಯದು. ದುಪಟ್ಟಾದ ಚೂರೂ ಇಲ್ಲ. ಅತಿಥಿಗಳ ಮುಂದೆ ನಾವು "ಇದು ನಾವೇ ಬೆಳೆಸಿದ್ದು" ಎನ್ನಬೇಕಂತೆ; ಅವರು ಬರುವ ಮೊದಲೇ ಪ್ರಿನ್ಸಿಪಾಲರು ಬಂದು ಹೇಳಿಕೊಟ್ಟರು.

ಕನ್ನಡಕ ತಲೆಗೇರಿತು.

"ಮನೇಲಿ ಮಗ ಸತ್ರೆ ಪಕ್ಕದ್ಮನೆ ಮಗೀನ ಕೂರ್ಸಿ ಫೋಟೊ ತೆಗುಸ್ತೀರೇನ್ರೀ? ಅದೂ ಮಕ್ಳ ಬಾಯಲ್ಲಿ ಸುಳ್ಳು ಹೇಳ್ಸಿ?"

ಪ್ರಿನ್ಸಿಪಾಲರು ನನ್ನತ್ತ ತಿರುಗಿ, "ವಾಟ್ ಡಿಡ್ ಶೀ ಸೇ?" ಎಂದರು. ನನಗಷ್ಟೇ ಸಾಕು. ಪಕ್ಕದವನ ಕನ್ನಡಕ ಕಿತ್ತು ತಲೆಗೇರಿಸಿ, ಸೊಂಟಕ್ಕೆ ಕೈಯಿಟ್ಟು, ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ನನ್ನ ಮಿಮಿಕ್ರಿಗೆ ಯಾರೂ ನಗದಿದ್ದದ್ದು ಅದೇ ಮೊದಲು. ನನಗೂ ನಗು ಬರಲಿಲ್ಲ.

ಪ್ರಶಸ್ತಿ ಬಂತು. ಮಿಸ್‌ಗೆ ಮಾತ್ರ ಮರುವರ್ಷ ಕೆಲಸ ಕೊಡಲಿಲ್ಲ. ಕಾರಣ ಕೇಳಿದ ನಮ್ಮಪ್ಪನಿಗೆ ಸಿಕ್ಕಿದ್ದು ಒಂದು ಮುಗುಳ್ನಗೆ.

ಕೊನೆಯ ದಿನ ಮಿಸ್ ಗೇಟಿನ ಬಳಿ ನಿಂತು, ತಮ್ಮ ಬಾಟಲಿಯ ನೀರನ್ನು ಆ ಹೊಸ ಗಿಡಕ್ಕೇ ಸುರಿಯುತ್ತಿದ್ದರು.

"ಇದುಕ್ಕೂ ನೀರಾ ಮಿಸ್?"

"ಸುಳ್ಳೇಳಿದ್ದು ಅವ್ರು. ಇದೇನ್ ಮಾಡೈತ್ಲಾ, ಪಾಪ?"

ಆಮೇಲೆ ಅವರನ್ನು ನೋಡಿಲ್ಲ. ಈಗ ತಂಗಿಯನ್ನು ಕರೆತರಲು ಹೋದಾಗ ಗೇಟಿನಲ್ಲಿ ನಿಂತು, ಅವರದೇ ದನಿಯಲ್ಲಿ "ಬಾಟ್ಲಿ ತೆಗೀರ್ಲಾ!" ಎಂದು ಗದರುತ್ತೇನೆ. ಮಿಸ್‌ನ ಕಂಡೇ ಇರದ ಮಕ್ಕಳು ಕಿಸಕ್ಕನೆ ನಕ್ಕು ಬುಡಕ್ಕೆ ಸುರಿಯುತ್ತವೆ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತವೆ.

ಹೊಡೆದುಕೊಳ್ಳಲಿ.