ಎಮ್ಮೆ ಸತ್ತ ಸೀನು

ಮೇಷ್ಟ್ರೇ, ನಾಗಮಂಗಲದಲ್ಲಿ ನೀವು ಕೇಳಿದ್ದು ನಿಜ. ನಾನು ಕೊಟ್ಟ ಉತ್ತರ ಸುಳ್ಳು. ನಮ್ಮ ನಾಟಕದಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುವ ಆ ಎಮ್ಮೆ ಸತ್ತ ಸೀನನ್ನು ನಾನು ನಿಮ್ಮಿಂದ ಕದ್ದೆ. ಅದೂ ಎಂಥ ದಿನದಿಂದ ಕದ್ದೆ — ಥೂ, ಬರೆಯೋಣವೆಂದರೆ ಕೈ ಮುಂದಕ್ಕೆ ಹೋಗುತ್ತಿಲ್ಲ.

ಎರಡು ವರ್ಷದಿಂದ ಈ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ನಿಮ್ಮ ಫೋನು ಬಂದರೆ ಎರಡು ರಿಂಗು ಹಾಗೇ ಬಿಡುತ್ತೇನೆ, ಉಸಿರು ಸರಿಯಾಗಲಿ ಎಂದು. ಪಾಂಡವಪುರದಲ್ಲಿ ನನ್ನ ಮರಗೆಲಸದ ಅಂಗಡಿ ಮುಂದೆ ನಿಮ್ಮೂರು ತೊಣ್ಣೂರಿನ ಆಟೋ ನಿಂತರೆ ಸಾಕು, ಕೈಯಲ್ಲಿದ್ದ ಉಳಿ ಕೆಳಗಿಡುತ್ತೇನೆ; ಇಡದೆ ಒಂದು ಸಲ ಹೆಬ್ಬೆರಳು ಸೀಳಿಕೊಂಡಿದ್ದೇನೆ. ನೀವು ಇಳಿದು, "ಏನ್ಲಾ ಆಚಾರಿ, ಒಂದ್ ಟೀನೂ ಕುಡ್ಸಕಿಲ್ವೇನ್ಲಾ?" ಅಂದಮೇಲೆಯೇ ಹೋದ ಜೀವ ವಾಪಸ್ಸು ಬರುವುದು. ಇವತ್ತೂ ಗೊತ್ತಾಗಲಿಲ್ಲ ಎಂದುಕೊಂಡು ಟೀ ಹೇಳುತ್ತೇನೆ.

ಇದನ್ನು ನಿಮ್ಮೊಬ್ಬರಿಗೆ ಬರೆದರೆ ಸಾಲದು. ಆ ಸೀನು ನೋಡಿ ನಕ್ಕವರೂ ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಂಜೇಗೌಡ ಮೇಷ್ಟ್ರು ಎಂದರೆ ಈ ನಾಲ್ಕು ತಾಲ್ಲೂಕಿಗೂ ಡ್ರಾಮಾ ಮೇಷ್ಟ್ರು. ಗದ್ದೆ ಕೆಲಸ ಮುಗಿಸಿ ಬರುವ ಗಂಡಸರಿಗೆ ಮೂರು ನಾಲ್ಕು ತಿಂಗಳು ಹಾಡು, ಮಾತು ಕಲಿಸಿ, ಭೀಮನನ್ನೋ ದುರ್ಯೋಧನನನ್ನೋ ಮಾಡಿ ಸ್ಟೇಜು ಹತ್ತಿಸಿದವರು ನೀವು. ನಾಟಕದ ದಿನ ಸ್ಟೇಜಿನ ಕೆಳಗೆ ಕಾಲು ಹಾರ್ಮೋನಿಯಂ ತುಳಿಯುತ್ತ ಕೂತು, ಹಾಡು ಮರೆತವನ ಹಾಡನ್ನು ನೀವೇ ಎತ್ತಿಕೊಡುತ್ತಿದ್ದಿರಿ. ನಿಮ್ಮ ಪಕ್ಕ ಕೂತು ತಬಲ ಹೊಡೆದವನು ನಾನು, ಒಂದಲ್ಲ ಎರಡಲ್ಲ, ಹದಿನೆಂಟು ವರ್ಷ. ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಕೆಂಪಮ್ಮನವರು ಇಕ್ಕಿದ ಮುದ್ದೆಗೆ ಲೆಕ್ಕವಿಲ್ಲ.

ನೀವು ವಯಸ್ಸಾಯಿತೆಂದು ಕಲಿಸುವುದು ಬಿಟ್ಟ ಮೇಲೆ ನಾನು "ರಾಜ ಸಾಯಲೊಲ್ಲ" ಬರೆದೆ. ಹಳೆಯ ಹಾಡಿನ ನಾಟಕಗಳನ್ನು ಗೇಲಿ ಮಾಡುವ ಹಾಡಿನ ನಾಟಕ. ರಾಜನಿಗೆ ಬಾಣ ತಗಲುತ್ತದೆ. ಬಿದ್ದು, ಸಾಯುವ ಹಾಡು ಹೇಳಿ, ಸಾಯುತ್ತಾನೆ. ಜನ ಒನ್ಸ್ ಮೋರ್ ಎಂದರೆ ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಹೊಡೆದ ಶತ್ರು ಪಾಪ ಪಕ್ಕದಲ್ಲಿ ಆಕಳಿಸುತ್ತ ನಿಂತಿರುತ್ತಾನೆ. ಕೆಳಗೆ ಒಬ್ಬ ಮೇಷ್ಟ್ರು, ಎಲ್ಲರ ಹಾಡನ್ನೂ ತಾನೇ ಹಾಡುವವನು.

ಕೆ.ಆರ್. ಪೇಟೆಯ ಮೊದಲ ಪ್ರದರ್ಶನಕ್ಕೆ ಹಾಲಿನಲ್ಲಿ ಅರ್ಧ ಕುರ್ಚಿ ಖಾಲಿ ಇದ್ದವು. ಐದನೆಯದಕ್ಕೆ ಬಾಗಿಲಲ್ಲಿ ನಿಂತು ನೋಡಿದರು. ಅಭಿಮಾನಿ ಬಳಗವೇ ಕಟ್ಟಿಕೊಂಡರು, ಎಲ್ಲಿ ನಾಟಕವಾದರೂ ಟೆಂಪೋ ಮಾಡಿಕೊಂಡು ಬರತೊಡಗಿದರು. ರಾಜ ಬೀಳುತ್ತಲೇ ಹಾಲಿಗೆ ಹಾಲೇ ಬಾಯಿಗೆ ಟವೆಲ್ಲು ಇಟ್ಟುಕೊಂಡು ಸುಳ್ಳುಸುಳ್ಳೇ ಗೊಳೋ ಎಂದು ಅಳುತ್ತಿತ್ತು. ಒಬ್ಬ ಅಜ್ಜಿಯಂತೂ ಪ್ರತಿ ಸಲ ಸತ್ತ ರಾಜನಿಗೆ ಹಾಕಲು ಸೇವಂತಿಗೆ ಹಾರ ತರುತ್ತಾರೆ. ಅವರು ಗೇಲಿ ಮಾಡುತ್ತಿದ್ದದ್ದು ತಮ್ಮ ಅಪ್ಪಂದಿರು, ಮಾವಂದಿರು ಬಣ್ಣ ಹಚ್ಚಿದ ನಾಟಕವನ್ನೇ. ಪ್ರೀತಿ ಇಲ್ಲದೆ ನೋಡುವ ಜನಕ್ಕೆ ಅಷ್ಟೊಂದು ಹಾಡು ಬಾಯಿಪಾಠ ಆಗುವುದಿಲ್ಲ.

ಅವರೆಲ್ಲರಿಗಿಂತ ದೊಡ್ಡ ಅಭಿಮಾನಿ ನೀವು — ಅಲ್ಲೇ ನನಗೆ ಬೆಂಕಿ ಬಿದ್ದದ್ದು. ಮುಂದಿನ ಸಾಲಿನಲ್ಲಿ ಕೂತು, ತೊಡೆ ತಟ್ಟಿಕೊಂಡು, "ನನ್ಮಗನೇ, ಎಂಗ್ ಬರ್ದ್ಬುಟ್ಟಿದ್ದೀಯಲ್ಲಾ!" ಎಂದು ಕೂಗುತ್ತಿದ್ದಿರಿ.

ಈಗ ಆ ಸೀನು. ರಾಜ ಎರಡನೆಯ ಸಲ ಸಾಯುವಾಗ ಒಬ್ಬ ಓಡಿ ಬಂದು ಮೇಷ್ಟ್ರ ಕಿವಿಯಲ್ಲಿ, "ನಿಮ್ಮೆಮ್ಮೆ ಸತ್ತೋಯ್ತು" ಎನ್ನುತ್ತಾನೆ. ಹಾರ್ಮೋನಿಯಂ ಮೇಲೆ ಮೇಷ್ಟ್ರ ಬಲಗೈ ನಡುಗುತ್ತದೆ. ಎಡಗೈಯಿಂದ ಅದರ ಮಣಿಕಟ್ಟನ್ನು ಅದುಮಿ ಹಿಡಿದು ನುಡಿಸುತ್ತಾನೆ, ದನಿ ಒಡೆದು ಮೇಲಕ್ಕೆ ಹೋಗುತ್ತದೆ. ಜನ ಒನ್ಸ್ ಮೋರ್ ಎನ್ನುತ್ತಾರೆ, ಅವನು ಕಣ್ಣೀರು ಸುರಿಸುತ್ತಲೇ ಮತ್ತೆ ಶುರುಮಾಡುತ್ತಾನೆ.

ನಡೆದದ್ದು ಏನು? ಕೆ.ಆರ್. ಪೇಟೆ ಪಕ್ಕದ ಆ ಹಳ್ಳಿಯಲ್ಲಿ ಸಂಜೆಯೇ ನಾಟಕ ಶುರುವಾಗಿತ್ತು. ಕೆಂಪಮ್ಮನವರು ಮೈಸೂರಿನಲ್ಲಿ ಆಸ್ಪತ್ರೆಯಲ್ಲಿದ್ದರು. ಅವರು ಹೋಗಿಬಿಟ್ಟರೆಂದು ಫೋನು ಬಂದದ್ದು ನನಗೆ. ನಿಮ್ಮ ಕಿವಿಗೆ ಬಾಯಿಟ್ಟು ಹೇಳಿದವನೂ ನಾನೇ. ಸ್ಟೇಜಿನ ಮೇಲೆ ಹಾಡುತ್ತಿದ್ದವನು ನಾಲ್ಕು ತಿಂಗಳು ಕಲಿತು ಮೊದಲ ಸಲ ಹತ್ತಿದ್ದ, ಅವನ ತಾಯಿ ಎದುರಿಗೇ ಕೂತಿದ್ದರು. "ಈ ಸೀನ್ ಮುಗೀಲಿ ಕಣ್ಲಾ. ಅವ್ನ್ ಹಾಡು ಕೆಡ್ತದೆ" ಎಂದಿರಿ. ನಿಮ್ಮ ಬಲಗೈ ನಡುಗುತ್ತಿತ್ತು, ಎಡಗೈಯಿಂದ ಅದುಮಿ ಹಿಡಿದಿರಿ. ಜನಕ್ಕೇನು ಗೊತ್ತು, ಒನ್ಸ್ ಮೋರ್ ಎಂದರು. ನೀವು ಮತ್ತೆ ನುಡಿಸಿದಿರಿ. ಅದನ್ನು ಕಂಡವನು ಭೂಮಿಯ ಮೇಲೆ ನಾನೊಬ್ಬನೇ.

ನನ್ನ ನಾಟಕದ ತಾಲೀಮಿನಲ್ಲಿ, ರಾಜ ಎರಡನೆಯ ಸಲ ಸಾಯುವ ಜಾಗದಲ್ಲಿ ನಗು ಬರುತ್ತಿರಲಿಲ್ಲ. ಏನಾದರೂ ಮಾಡಬೇಕಿತ್ತು, ನಾನು ಎದ್ದು ನಿಮ್ಮ ಕೈ ಮಾಡಿ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆ ನಗು ಕೇಳಿ ನನಗೆ ಖುಷಿಯಾಯಿತು ಮೇಷ್ಟ್ರೇ, ಸುಳ್ಳು ಹೇಳುವುದಿಲ್ಲ. ಮೊದಲು ಬರೆದ ಹಾಳೆಯಲ್ಲಿ "ಹೆಂಡತಿ" ಎಂದೇ ಇತ್ತು. ನೀವು ನೋಡಲು ಬಂದೀರಿ ಎಂದು ಹೆದರಿ ಅದನ್ನು ಹೊಡೆದು "ಎಮ್ಮೆ" ಎಂದು ಬರೆದೆ. ಅಂದರೆ ತಿಳಿಯದೆ ಆದದ್ದಲ್ಲ, ತಿಳಿದೇ ಮಾಡಿದ್ದು. ನಿಮಗೆ ಅನ್ನ ಇಕ್ಕಿದ, ನನಗೂ ಇಕ್ಕಿದ ಆ ಹೆಂಗಸನ್ನು ನಾನು ಎಮ್ಮೆ ಮಾಡಿದೆ.

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಒಂದು ದಿನ — ನಿಮಗೆ ನೆನಪಿರಬೇಕು — ಅಭಿಮಾನಿ ಹುಡುಗರು ನಮ್ಮ ಟೇಬಲ್ಲಿಗೇ ಬಂದು ಆ ಕೈ ಹಿಡಿಯುವ ಆಟ ಆಡಿದರು. ನೀವೂ ಮಾಡಿ ತೋರಿಸಿದಿರಿ. "ಏನ್ ಮೇಷ್ಟ್ರೇ, ಥೇಟು ನಾಟಕದೋನಂಗೇ ಮಾಡ್ತೀರಲ್ಲಾ!" ಎಂದ ಒಬ್ಬ. ನೀವು ಹಿಗ್ಗಿ, "ಇಷ್ಟ್ ಸಲ ನೋಡಿವ್ನಿ, ಕಲ್ತ್ಬುಟ್ಟೆ ಕಣ್ರಪ್ಪ" ಎಂದಿರಿ. ನಿಮ್ಮದನ್ನೇ ನೀವು ನನ್ನಿಂದ ಕಲಿತಂತಾಗಿತ್ತು. ಅವತ್ತು ಬಾಯಿ ಬಿಡಬಹುದಿತ್ತು. ನೀರು ಕುಡಿದು ಬಿಲ್ಲು ಕೊಡಲು ಎದ್ದೆ.

ನಾಗಮಂಗಲದ ಭಾನುವಾರದ ಮಧ್ಯಾಹ್ನದ ಆಟಕ್ಕೆ ಬಳಗದವರು ಒಂದು ಯೋಜನೆ ಹಾಕಿದರು: ಅಭಿಮಾನಿಗಳಲ್ಲೆಲ್ಲ ಹಿರಿಯರಾದ ನಂಜೇಗೌಡ ಮೇಷ್ಟ್ರೇ ಆ ಒಂದು ಸೀನು ಮಾಡಬೇಕು. ನೀವು ಕುಣಿದಾಡಿದಿರಿ. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವ ಎದೆ ಇರಲಿಲ್ಲ. ಹಿಂದಿನ ದಿನ ನನ್ನ ಅಂಗಡಿಗೇ ಬಂದಿರಿ. ಹಲಗೆಗಳ ನಡುವೆ ಸ್ಟೂಲು ಹಾಕಿ ಕೂತು, "ತಪ್ಪಾದ್ರೆ ಯೋಳ್ಕೊಡ್ಲಾ" ಎಂದಿರಿ. ಮಾಡಿದಿರಿ. ನಾನು, ನನ್ನ ನಾಲಿಗೆ ಬಿದ್ದುಹೋಗ, "ಕೈ ಇನ್ನೂ ವಸಿ ನಡುಗ್ಬೇಕು ಮೇಷ್ಟ್ರೇ" ಎಂದೆ.

ನೀವು ನಿಲ್ಲಿಸಿದಿರಿ. "ಅವ್ನ್ ಕೈ ಯಾಕ್ಲಾ ಅಂಗ್ ನಡುಗ್ತದೆ? ಒಂದ್ ಎಮ್ಮೆಗೆ ಅಷ್ಟೊಂದಾ?"

"ಜನ ನಗ್ಲಿ ಅಂತ ಮೇಷ್ಟ್ರೇ."

"ಓ," ಎಂದು ಮತ್ತೆ ಮಾಡಿದಿರಿ, ಇನ್ನೂ ಚೆನ್ನಾಗಿ.

ಮಾರನೆಯ ದಿನ ನಾನು ಮಾಮೂಲಿನಂತೆ ತಬಲದ ಮುಂದೆ. ಹುಡುಗ ಓಡಿ ಬಂದು ಎಮ್ಮೆಯ ಸುದ್ದಿ ಹೇಳಿದ. ನಿಮ್ಮ ಕೈ ನಡುಗಿತು, ಹಿಡಿದಿರಿ, ಹಾಲು ಕಿತ್ತುಹೋಗುವಂತೆ ನಕ್ಕರು, ಒನ್ಸ್ ಮೋರ್ ಎಂದರು. ನೀವು ಮತ್ತೆ ಶುರುಮಾಡಿದಿರಿ. ಆ ಎರಡನೆಯ ಸಲದಲ್ಲಿ, ನುಡಿಸುತ್ತಲೇ, ಕತ್ತು ತಿರುಗಿಸಿ ನನ್ನನ್ನು ನೋಡಿದಿರಿ. ನಾನು ತಾಳ ತಪ್ಪಿದೆ. ಅದೂ ತಮಾಷೆಯೇ ಎಂದು ಜನ ಅದಕ್ಕೂ ನಕ್ಕರು.

ಮುಗಿದ ಮೇಲೆ ಬಳಗದವರೊಡನೆ ಫೋಟೋ ತೆಗೆಸಿಕೊಂಡು, ಆಮೇಲೆ ಹಾಲಿನ ಹಿಂದೆ ತಬಲಕ್ಕೆ ಬಟ್ಟೆ ಸುತ್ತುತ್ತಿದ್ದ ನನ್ನ ಹತ್ತಿರ ಬಂದಿರಿ. ಮೆಲ್ಲಗೆ ಕೇಳಿದಿರಿ: "ಲೇ ಮಂಜ, ನಮ್ ಕೆಂಪಿ ತೀರೋದ್ ದಿನ ನಾನು ಇಂಗೇ ಕೈ ಇಡ್ಕಂಡಿದ್ನೇನ್ಲಾ?"

ಆಚಾರಿ ಎನ್ನಲಿಲ್ಲ. ಮಂಜ ಎಂದಿರಿ.

"ಇಲ್ಲ ಮೇಷ್ಟ್ರೇ. ನಂಗೆ ಅಂಗೇನೂ ಗ್ಯಾಪಕ ಇಲ್ಲ," ಎಂದೆ. ಬಟ್ಟೆ ಸುತ್ತುತ್ತಲೇ ಎಂದೆ. ಮುಖ ಎತ್ತಲಿಲ್ಲ.

ಬಯ್ಯುತ್ತೀರಿ, ಕಪಾಳಕ್ಕೆ ಬಿಡುತ್ತೀರಿ ಎಂದು ಕಾದೆ. ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, "ಅಂಗಾ... ಓಗ್ಲಿ ಬುಡು. ವಯಸ್ಸಾಯ್ತಲ್ಲಾ, ಏನೇನೋ ಅಂದ್ಕಂಬುಟ್ಟೆ. ಬ್ಯಾಸ್ರ ಮಾಡ್ಕಬ್ಯಾಡ ಕಣ್ಲಾ" ಎಂದಿರಿ. ನನ್ನನ್ನು ಅನುಮಾನಿಸಿದ್ದಕ್ಕೆ ನೀವು ನನ್ನನ್ನು ಸಮಾಧಾನ ಮಾಡಿದಿರಿ! ಅಯ್ಯೋ, ಆ ಕೈ ತೆಗೆದರೆ ಸಾಕು ಎನ್ನಿಸಿತ್ತು ನನಗೆ.

ಅದಾದ ಮೇಲೆ ಎರಡು ಪ್ರದರ್ಶನವಾಗಿದೆ. ಎರಡಕ್ಕೂ ಬಂದಿದ್ದೀರಿ, ಅದೇ ಮುಂದಿನ ಸಾಲು. ಎಮ್ಮೆಯ ಸೀನು ಬಂದಾಗ ನೀವು ಸ್ಟೇಜಿನ ಕಡೆ ನೋಡುವುದಿಲ್ಲ, ತೊಡೆಯ ಮೇಲಿಟ್ಟ ನಿಮ್ಮ ಕೈಗಳನ್ನೇ ನೋಡುತ್ತ ಕೂತಿರುತ್ತೀರಿ. ನೆನಪು ಮಾಡಿಕೊಳ್ಳುತ್ತಿದ್ದೀರಿ. ನಾನು ಇಲ್ಲವೆಂದದ್ದಕ್ಕೆ, ಕೆಂಪಮ್ಮನವರು ಹೋದ ಆ ಹೊತ್ತಿನ ನೆನಪೇ ನಿಮ್ಮಲ್ಲಿ ಅಲ್ಲಾಡಿಹೋಗಿದೆ — ಸೀನು ಕದ್ದದ್ದಕ್ಕಿಂತ ದೊಡ್ಡ ಪಾಪ ಇದೇ ಎಂದು ನನಗೆ ತಡವಾಗಿ ಹೊಳೆಯಿತು. ಬದುಕಿರುವ ಸಾಕ್ಷಿ ನಾನೊಬ್ಬನೇ, ನಾನೇ ಸುಳ್ಳು ಹೇಳಿದ್ದೇನೆ.

ಭಾನುವಾರ ಶ್ರೀರಂಗಪಟ್ಟಣದಲ್ಲಿ ಆಟ. ಆ ಸೀನು ಇರುವುದಿಲ್ಲ. ಬಳಗದವರು ಗಲಾಟೆ ಮಾಡುತ್ತಾರೆ, ಯಾಕೆ ತೆಗೆದೆ ಎನ್ನುತ್ತಾರೆ. ಅವರಿಗೆ ಈ ಹಾಳೆಗಳನ್ನೇ ಕೊಡುತ್ತೇನೆ. ಇಷ್ಟು ಪ್ರೀತಿಯಿಂದ ನಕ್ಕ ಜನ, ತಾವು ಯಾವುದಕ್ಕೆ ನಕ್ಕೆವೆಂದು ಗೊತ್ತಾದಾಗ ನನ್ನ ಮುಖ ಹೇಗೆ ನೋಡುತ್ತಾರೋ ಗೊತ್ತಿಲ್ಲ.

ಅದಕ್ಕೂ ಮೊದಲು ನೀವು. ನಿಮಗೆ ಕಣ್ಣು ಮಂಜು, ಬೇರೆಯವರು ಓದಿ ಹೇಳುವುದು ಬೇಡ. ನಾಳೆ ಬೆಳಿಗ್ಗೆ ತೊಣ್ಣೂರಿಗೆ ನಾನೇ ಬಂದು ಓದುತ್ತೇನೆ. ನೀವು ಒಳಗೆ ಕರೆಯದಿದ್ದರೆ ಜಗಲಿಯಲ್ಲಿ ನಿಂತು ಓದುತ್ತೇನೆ, ಬೀದಿಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಹೆದರಿಕೆ ಹೋಗಿಲ್ಲ ಮೇಷ್ಟ್ರೇ. ಹೋಗಲಿ ಎಂದು ಕಾದರೆ ನೀವು ಕೇಳಿದ ಪ್ರಶ್ನೆ ನಿಮ್ಮೊಂದಿಗೇ ಹೋಗಿಬಿಡುತ್ತದೆ. ಹೌದು, ಅವತ್ತು ನೀವು ಹಾಗೇ ಕೈ ಹಿಡಿದುಕೊಂಡಿದ್ದಿರಿ. ನಾನು ನೋಡಿದೆ.