ಒಂದು ಗೇಣು ಬಾಕಿ ಬಿಟ್ಟ ಚಾಪೆ

ಮಾನ್ಯ ವಾಚಕ ಮಹಾಶಯರೇ, ಮೆತ್ತನೆಯ ಹಾಸಿಗೆಯ ಮೇಲೆ ಒರಗಿ ಈ ಭಾನುವಾರದ ಪುರವಣಿಯನ್ನು ತಿರುವಿಹಾಕುತ್ತಿರುವ ತಾವು, ತಮ್ಮ ಬೆನ್ನಿಗೂ ಭೂಮಿಗೂ ನಡುವೆ ಇರುವ ವಸ್ತುವಿನ ಕುರಿತು ಎಂದಾದರೂ ಯೋಚಿಸಿದ್ದುಂಟೇ? ಬೆಟ್ಟ ಹತ್ತುವವರಿಗೆ ಯೋಚಿಸದೆ ವಿಧಿಯಿಲ್ಲ. ಏಕೆಂದರೆ ರಾತ್ರಿ ಹಾಸಿಕೊಳ್ಳುವುದನ್ನು ಅವರು ಹಗಲೆಲ್ಲ ಹೆಗಲ ಮೇಲೆ ಹೊರಬೇಕು. ಅದು ಹಗುರವಾಗಿರಬೇಕು, ನೆಲದ ತಂಡಿಯನ್ನೂ ತಡೆಯಬೇಕು. ಪರಸ್ಪರ ಹೊಂದಿಕೊಳ್ಳದ ಈ ಎರಡು ಗುಣಗಳನ್ನು ಒಂದೇ ಚಾಪೆಯಲ್ಲಿ ಕೂಡಿಸಬಲ್ಲ ಹೆಂಗಸೊಬ್ಬರು ಗೊರೂರಿನ ಹಿನ್ನೀರಿನ ದಂಡೆಯಲ್ಲಿದ್ದಾರೆ. ಅವರ ಹೆಸರನ್ನು ತಾವು ಕೇಳಿರಲಾರಿರಿ.

ಪುಷ್ಯಮಾಸದ ಬೆಳಗಿನ ಆರು ಗಂಟೆ. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಮೊದಲಾಯಿತು ಎಂದು ತಿಳಿಯದ ಹೊತ್ತು. ಸೀರೆಯನ್ನು ಎತ್ತಿ ಕಟ್ಟಿ, ತಲೆಗೆ ಗಂಡನ ಹಳೆಯ ಟವೆಲ್ಲು ಸುತ್ತಿ, ಅರವತ್ತೆರಡು ವರ್ಷದ ಮಾರಮ್ಮ ಮಂಡಿಮಟ್ಟದ ನೀರಿಗೆ ಇಳಿಯುತ್ತಾರೆ. ಆಳೆತ್ತರದ ಜೊಂಡುಹುಲ್ಲು ಮುಂದೆ ಗೋಡೆಯಂತೆ ನಿಂತಿದೆ. ಕೈಯಲ್ಲಿ ಕುಡುಗೋಲಿದ್ದರೂ ಅವರು ಕೂಡಲೇ ಕೊಯ್ಯುವುದಿಲ್ಲ. ಒಂದೊಂದು ಎಲೆಯನ್ನೂ ಹೆಬ್ಬೆರಳಿನಿಂದ ಹಿಸುಕುತ್ತಾರೆ. ಹಿಸುಕಿದ ಎಲೆ ಮತ್ತೆ ಉಬ್ಬಿಕೊಂಡರೆ ಅದಕ್ಕೆ ಕುಡುಗೋಲು. ಚಪ್ಪಟೆಯಾಗಿಯೇ ಉಳಿದರೆ ಅದರ ಪಾಡಿಗೆ ಅದು.

"ಇದ್ರೊಳೀಕೆ ಗಾಳಿ ಐತೆ ಕಣಪ್ಪ," ಎನ್ನುತ್ತಾರೆ. "ಗಾಳಿ ಇರೋ ಎಲೆ ಅಗುರ. ತಂಡೀನೂ ಮ್ಯಾಕ್ ಬಿಡಾಕಿಲ್ಲ. ಹೂ ಬಂದ್ಮೇಲೆ ಕುಯ್ದ್ರೆ ಅದು ಬರೀ ನಾರು. ಸೌದೆ ಮೇಲ್ ಮಲಗ್ದಂಗೆ."

ದಿನವೂ ಇದೇ ಕೆಲಸ. ಆದರೆ ಇಂದು ಅವರ ಕಣ್ಣು ಮತ್ತೆ ಮತ್ತೆ ದಂಡೆಯ ಮೇಲಿನ ರಸ್ತೆಯ ಕಡೆ ಹೊರಳುತ್ತದೆ. ಇಂದು ತೂಕದ ದಿನ. ಒಂಬತ್ತು ಗಂಟೆಯ ಹೊತ್ತಿಗೆ ಹೆಂಗಸರಿಗೆ ಬೆಟ್ಟ ಹತ್ತಿಸುವ ಮೇಡಂ ಭವ್ಯಶ್ರೀ ಹಾಸನದಿಂದ ತಕ್ಕಡಿ ಹಿಡಿದು ಬರಲಿದ್ದಾರೆ. ಮನೆಯೊಳಗೆ ಇಪ್ಪತ್ತು ಚಾಪೆಗಳು ಸುರುಳಿ ಸುತ್ತಿ ಕುಳಿತಿವೆ. ಒಂದೊಂದೂ ಅರ್ಧ ಕೆ.ಜಿ.ಯ ಒಳಗೆ ತೂಗಬೇಕು. ತೂಗಿದರೆ ಮಾರಮ್ಮನ ಚಾಪೆಗೆ ಬೆಟ್ಟದ ದಾರಿ ತೆರೆಯುತ್ತದೆ. ತೂಗದಿದ್ದರೆ ಹಾಸನದ ಅಂಗಡಿಯಿಂದ ಇಪ್ಪತ್ತು ಫೋಮ್ ಚಾಪೆಗಳು ಬರುತ್ತವೆ, ಮಾರಮ್ಮ ಅಂಗಳದ ನಾಲ್ಕು ಗೂಟಗಳನ್ನು ಕೀಳುತ್ತಾರೆ. ಗಂಡನಿಗೆ ಅವರು ಈ ಮಾತನ್ನು ಹೇಳಿ ವಾರವಾಯಿತು.

ಆ ಗೂಟಗಳೇ ಅವರ ಮಗ್ಗ. ನೆಲಕ್ಕೆ ಬಡಿದ ನಾಲ್ಕು ಗೂಟ, ಎರಡು ಬಿದಿರು, ನಡುವೆ ಹತ್ತೊಂಬತ್ತು ಸಾಲು ಸೆಣಬಿನ ಹುರಿ. ಮಾರಮ್ಮ ಜೊಂಡಿನ ಎಲೆಯನ್ನು ಆ ಹುರಿಗಳಿಗೆ ಅಡ್ಡ ಹೊಕ್ಕಾಗಿ ತೂರಿಸಿದರೆ, ಎದುರಿಗೆ ಕುಳಿತ ಗಂಡ ದ್ಯಾವಯ್ಯ ತೂತು ಕೊರೆದ ಮರದ ಪಟ್ಟಿಯನ್ನು ಎಳೆದು ಬಿಗಿಮಾಡುತ್ತಾರೆ. ಕೊಯ್ದ ಎಲೆ ಆರು ದಿನ ಒಣಗಬೇಕು. ಸಣ್ಣ ಚಾಪೆಯೊಂದಕ್ಕೆ ಇನ್ನೂರ ಅರವತ್ತು ಎಲೆ, ಎರಡು ದಿನದ ಕೂಲಿ. ಒಂದು ಕಾಲಕ್ಕೆ ಈ ಕೇರಿಯ ಹನ್ನೊಂದು ಮನೆಗಳ ಮುಂದೆ ಇಂಥ ಗೂಟಗಳಿದ್ದವು. ಚನ್ನರಾಯಪಟ್ಟಣದ ಸಂತೆಯಿಂದ ಬಣ್ಣಬಣ್ಣದ ಪ್ಲಾಸ್ಟಿಕ್ ಚಾಪೆ ಮನೆಮನೆಗೂ ಬಂದ ಮೇಲೆ ಒಂದೊಂದೇ ಅಂಗಳದ ಗೂಟ ಒಲೆಗೆ ಹೋಯಿತು. ಈಗ ಉಳಿದಿರುವುದು ಇವರ ಅಂಗಳ ಮಾತ್ರ. ನೀರಿನಲ್ಲಿ ನಿಂತು ನಿಂತು ಮಾರಮ್ಮನ ಮಂಡಿ ಹಿಡಿದುಕೊಂಡಿದೆ, ಬೆರಳ ಸಂದಿಗಳು ಸೀಳಿವೆ. ಆ ಕುರಿತು ಕೇಳಿದರೆ ಅವರು ಎಲೆಯ ಕುರಿತು ಹೇಳತೊಡಗುತ್ತಾರೆ.

ಮಲಗುವ ವಿದ್ಯೆ ಅವರಿಗೆ ಬಂದದ್ದು ತಂದೆಯಿಂದ. ತವರು ಹೊಳೆನರಸೀಪುರದ ಕಡೆ. ತಂದೆ ಮಂಚಯ್ಯ ಅರಕಲಗೂಡು ಸೀಮೆಯ ಆಲೂಗೆಡ್ಡೆ ಹೊಲಗಳಲ್ಲಿ ಕಾವಲಿದ್ದವರು. ಗೆಡ್ಡೆಯ ರಾಶಿಯ ಬುಡದಲ್ಲಿ, ಹಸಿನೆಲದ ಮೇಲೆ, ನಾಲ್ಕು ಮಕ್ಕಳಿಗೆ ಇದ್ದದ್ದು ಒಂದೇ ಕಂಬಳಿ.

"ಅಪ್ಪ ಯೋಳೋದು, ತಂಡಿ ಮ್ಯಾಗಿಂದ ಬರಾಕಿಲ್ಲ ಕಣವ್ವ, ಕೆಳಗಿಂದ ಬತ್ತದೆ. ಕಂಬ್ಳಿ ಒಂದೇ ಇದ್ರೆ ಒದ್ಕಬ್ಯಾಡ, ಆಸ್ಕೊ ಅಂತ. ಇವತ್ಗೂ ಬೆಟ್ಟಕ್ಕೋಗೋ ಮಕ್ಳಿಗೆ ನಾನು ಯೋಳಾದು ಅದ್ನೇಯ."

ಬೆಟ್ಟಕ್ಕೆ ಹೋಗುವವರ ಪರಿಚಯವಾದದ್ದು ಎರಡು ವರ್ಷಗಳ ಕೆಳಗೆ. ಮೊಸಳೆ ಗ್ರಾಮದ ರೈತರ ಮನೆಯ ಮಗಳಾದ ಭವ್ಯಶ್ರೀ ಹಾಸನದಲ್ಲಿ ದೈಹಿಕ ಶಿಕ್ಷಣದ ಮೇಡಂ. ರಜೆ ಬಂದರೆ ಹೆಂಗಸರ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತಿಸುವುದು ಅವರ ಹುಚ್ಚು. ಒಮ್ಮೆ ಹಿನ್ನೀರಿನ ದಂಡೆಯಲ್ಲಿ ಡೇರೆ ಹಾಕಿದಾಗ, ಅವರು ದುಬಾರಿ ಬೆಲೆ ಕೊಟ್ಟು ತಂದಿದ್ದ ಗಾಳಿಹಾಸಿಗೆಗೆ ಜಾಲಿಮುಳ್ಳು ಚುಚ್ಚಿತು. ಅದಕ್ಕೂ ಮೊದಲಿನ ಫೋಮ್ ಹಾಸು ಬೆನ್ನನ್ನು ಬೆವರಿಸಿತ್ತು, ಹತ್ತಿಯದು ಇಬ್ಬನಿ ಕುಡಿದು ಕಲ್ಲಿನ ಭಾರವಾಗಿತ್ತು. ಮುಸ್ಸಂಜೆ ಜೊಂಡಿನ ಹೊರೆ ಹೊತ್ತು ಬರುತ್ತಿದ್ದ ಮಾರಮ್ಮ ಆಕೆಯ ಪೇಚಾಟ ಕಂಡು ಮನೆಯಿಂದ ಹಳೆಯ ಚಾಪೆಯೊಂದನ್ನು ತಂದುಕೊಟ್ಟರು.

"ಬೆಳಗ್ಗೆ ಸೂರ್ಯ ಹುಟ್ಟೋದನ್ನ ನೋಡೋಕಂತಲೇ ಹೋಗಿದ್ದೆ," ಎಂದು ಭವ್ಯಶ್ರೀ ಈಗಲೂ ನಗುತ್ತಾರೆ. "ಎದ್ದಾಗ ಎಂಟೂವರೆ! ಅಂಥ ನಿದ್ದೆ. ಸೂರ್ಯ ಹೋದ್ರೆ ಹೋಗ್ಲಿ ಅಂತ ಆ ಚಾಪೇಗೆ ಕೈಮುಗಿದೆ."

ಆದರೆ ಆ ಚಾಪೆ ಒಂದೂವರೆ ಕೆ.ಜಿ. ತೂಗುತ್ತಿತ್ತು. ಹಗುರ ಮಾಡಲು ಸಾಧ್ಯವೇ ಎಂದು ಭವ್ಯಶ್ರೀ ಕೇಳಿದರು. ಮಾರಮ್ಮ ಆಕೆಯನ್ನು ಮಗ್ಗುಲಾಗಿ ಮಲಗಲು ಹೇಳಿ, ಮೈ ಎಲ್ಲೆಲ್ಲಿ ನೆಲ ಒತ್ತುತ್ತದೆಂದು ನೋಡಿದರು. "ಮೂಳೆ ಎಲ್ಲಿ ನೆಲ ಮುಟ್ತದೋ ಅಲ್ಲಷ್ಟೇ ಚಾಪೆ ಬೇಕು. ಭುಜ, ಸ್ವಂಟ, ಮಂಡಿ. ಕಾಲಿನ್ ಕೆಳೀಕೆ ನಿನ್ ಬ್ಯಾಗು ಇಟ್ಕೊ. ತಲೇಗೆ ಬಟ್ಟೆ ಗಂಟು ಸಾಕು." ಹೀಗೆ ಚಾಪೆ ಒಂದೇ ಮಾತಿನಲ್ಲಿ ಅರ್ಧಕ್ಕೂ ಕೆಳಗೆ ಇಳಿಯಿತು.

ತೊಡಕಾದದ್ದು ಅನಂತರ. "ಹಾಗಾದ್ರೆ ಮಲಗಿದ್ದಂಗೇ ಅಳತೆ ತಗೊಂಡ್ಬಿಡಿ ಅವ್ವ," ಎಂದು ಭವ್ಯಶ್ರೀ ಹೇಳಿದ್ದೇ ತಡ, ಮಾರಮ್ಮ ಆಕೆಯ ರಟ್ಟೆ ಹಿಡಿದು ಮೇಲಕ್ಕೆಳೆದರು. "ಏಳ್ ಮ್ಯಾಕೆ! ಮಲಗ್ದೋರ್ನ ಅಳೀತಾರಾ?" ಈ ಕೇರಿಯಲ್ಲಿ ಮಲಗಿದವರ ಮೈಗೆ ಹುರಿ ಹಿಡಿಯುವುದು ಒಮ್ಮೆ ಮಾತ್ರ, ಸತ್ತಾಗ ಸುತ್ತುವ ಕೊನೆಯ ಚಾಪೆಗೆ. ಬದುಕಿರುವವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅಳತೆ ಕೊಡಬೇಕು. ಚೌಕಟ್ಟಿನ ಮೇಲೆ ಇದ್ದಿಲಿನ ಗೆರೆ ಬೀಳಬೇಕು. ಚಾಪೆಯಾದರೂ ಆ ಅಳತೆಗಿಂತ ಒಂದು ಗೇಣು ಹೆಚ್ಚೇ ಇರಬೇಕು. ಅದು ಆಯಸ್ಸಿನ ಗೇಣು.

ಆ ಗೇಣಿಗೆ ಎಂಬತ್ತು ಗ್ರಾಂ ತೂಕ. ಮೊದಲ ಚಾಪೆ ಐನೂರ ನಲವತ್ತಕ್ಕೆ ನಿಂತಿತು. ಇಪ್ಪತ್ತು ಹೆಂಗಸರ ಶಿಬಿರಕ್ಕೆ ಚಾಪೆ ಆರಿಸುತ್ತಿದ್ದ ಭವ್ಯಶ್ರೀಗೆ ಅರ್ಧ ಕೆ.ಜಿ. ದಾಟುವಂತಿರಲಿಲ್ಲ. ಐವತ್ತು ದಾಟಿದವರೂ ಗುಂಪಿನಲ್ಲಿದ್ದರು. "ಆ ಒಂದು ಗೇಣು ಕತ್ತರಿಸಿಬಿಡಿ ಅವ್ವ, ಮುಗೀತು," ಎಂದು ಬೇಡಿಕೊಂಡರು.

ಮಾರಮ್ಮ ಕತ್ತರಿಸಲಿಲ್ಲ. "ಒಂದ್ ಗೇಣ್ಗೆ ಯಾಕಮ್ಮಿ ಇಷ್ಟು ಅಟ?" ಎಂದು ದ್ಯಾವಯ್ಯ ರೇಗಿದಾಗ ಅವರು ಹೇಳಿದ್ದು ಇಷ್ಟೇ: "ಆ ಮಕ್ಳು ಬೆಟ್ಟದ ನೆತ್ತೀಲಿ ಮಲಗ್ತವೆ. ಅಳತೆಗೆ ಸರಿಯಾಗಿ ಮುಗ್ದೋದ ಚಾಪೇನ ನನ್ ಕೈಯಾರ ಎಂಗ್ ಕೊಡ್ಲಿ?"

ಉತ್ತರ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ, ಎಲೆ ಸಾಲದೆ ಹೋದ ಒಂದು ದಿನ. ಅರ್ಧದಲ್ಲೇ ನಿಂತ ಚಾಪೆಯನ್ನು ಗೂಟದಿಂದ ಬಿಡಿಸಿದಾಗ ನೇಯದೆ ಉಳಿದ ಹುರಿಗಳು ಅಂಚಿನಲ್ಲಿ ಜೋತಾಡುತ್ತಿದ್ದವು. ದ್ಯಾವಯ್ಯ ಕತ್ತರಿಸಲು ಕುಡುಗೋಲು ಎತ್ತಿದರು. "ತಡಿ," ಎಂದರು ಮಾರಮ್ಮ. ಬೆರಳಗಲಿಸಿ ಅಳೆದರು. ಒಂದು ಗೇಣು. ಹುರಿಯ ಹಾಸು ಇದೆ, ಎಲೆಯ ಹೊಕ್ಕು ಇಲ್ಲ. ಚಾಪೆ ಇನ್ನೂ ಮುಗಿದಿಲ್ಲ. ಬರಿಯ ಹುರಿಗೆ ತೂಕವೆಷ್ಟು? ಹತ್ತು ಗ್ರಾಮೂ ಇಲ್ಲ. ಸುರುಳಿ ಸುತ್ತಿದ ಮೇಲೆ ಆ ಹುರಿಗಳಿಂದಲೇ ಚೀಲದ ಕೊಂಡಿಗೆ ಬಿಗಿದರೆ ಬೇರೆ ಹಗ್ಗವೂ ಬೇಡ.

ಇಪ್ಪತ್ತು ಹೆಂಗಸರು ಎರಡು ಭಾನುವಾರ ಈ ಬಾಗಿಲಿಗೆ ಬಂದು ನಿಂತು ಹೋದರು. ಚೌಕಟ್ಟಿನ ಮೇಲೆ ಇಪ್ಪತ್ತು ಗೆರೆ.

ಒಂಬತ್ತೂ ಕಾಲು. ಭವ್ಯಶ್ರೀ ಬಂದರು. ಬಾಗಿಲ ಮೇಲಿನ ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ ನೇತುಬಿತ್ತು. ಮೊದಲ ಚಾಪೆ ಏರಿತು. ಐನೂರ ಐವತ್ತು. ಎರಡನೆಯದು ಐನೂರ ನಲವತ್ತೈದು. ಮೂರನೆಯದು ಐನೂರ ಅರವತ್ತು. ಭವ್ಯಶ್ರೀ ತಕ್ಕಡಿಯನ್ನು ತಟ್ಟಿ ನೋಡಿದರು. ತಾವು ತಂದಿದ್ದ ಅರ್ಧ ಲೀಟರಿನ ನೀರಿನ ಬಾಟಲಿ ತೂಗಿ ನೋಡಿದರು. ತಕ್ಕಡಿ ಸುಳ್ಳು ಹೇಳುತ್ತಿರಲಿಲ್ಲ. ಮಾರಮ್ಮ ಮೆಲ್ಲನೆ ಎದ್ದು ಅಂಗಳಕ್ಕೆ ಹೋಗಿ ಮೂಲೆಯ ಗೂಟವೊಂದರ ತಲೆಯ ಮೇಲೆ ಕೈಯಿಟ್ಟು ನಿಂತರು. ಅದು ನಲವತ್ತು ವರ್ಷದಿಂದ ಅಲ್ಲೇ ಇರುವ ಗೂಟ.

"ಅವ್ವ, ನನ್ನ ಬೆರಳು ಯಾಕೆ ಹಳದಿ?" ಎಂದು ಭವ್ಯಶ್ರೀ ಕೇಳಿದ್ದು ಆಗಲೇ.

ಮಾರಮ್ಮ ತಿರುಗಿದರು. ನೋಟ ನೇರವಾಗಿ ಗಂಡನ ಮೇಲೆ ಬಿತ್ತು.

ಹೊಸ ಚಾಪೆ ಹೊಸಿಲು ದಾಟುವ ಮೊದಲು ಮನೆಯ ಯಜಮಾನ ಅದಕ್ಕೆ ಅರಿಶಿನದ ನೀರು ಚಿಮುಕಿಸಿ ಕಳಿಸುವುದು ಇಲ್ಲಿಯ ಪದ್ಧತಿ. ಹೆಂಡತಿ ನೀರಿಗಿಳಿದಿದ್ದ ಹೊತ್ತಿನಲ್ಲಿ ದ್ಯಾವಯ್ಯ ತಮ್ಮ ಪಾಲಿನ ಕೆಲಸ ಮುಗಿಸಿದ್ದರು.

"ಅಲ್ಲಾ, ಚಿಮುಕಿಸ್ದೋ, ಮೀಯಿಸ್ದೋ?"

"ಬರೀ ಎರಡ್ ಚೊಂಬು ಕಣಮ್ಮಿ. ಇಪ್ಪತ್ ಚಾಪೇಗೆ ಎರಡ್ ಚೊಂಬು ಎಚ್ಚಾ? ಎಣ್ಮಕ್ಳು ಮಲಗಾ ಚಾಪೆ, ಬೋಳುಬೋಳಾಗಿ ಕಳಿಸಾಕಾಯ್ತದಾ?"

"ತೂಕದ್ ದಿನವೇ ಭಕ್ತಿ ಬಂದ್ಬುಡ್ತಾ ನಿಂಗೆ! ಮದ್ವೇಲಿ ನಂಗೇ ಇಷ್ಟು ಅರಿಶಿನ ಬಳೀನಿಲ್ಲ ನೀನು!"

ಭವ್ಯಶ್ರೀ ಮೊದಲು ನಕ್ಕರು. ಆಮೇಲೆ ಗಡಿಯಾರ ನೋಡಿಕೊಂಡರು. "ಒಂದು ಗಂಟೆ ಬಸ್ಸಿಗೆ ನಾನು ಹೋಗ್ಲೇಬೇಕು. ಅಲ್ಲೀವರೆಗೂ ಕಾಯ್ತೀನಿ." ಅವರು ಸೆರಗು ಬಿಗಿದು ತಾವೇ ಮೊದಲ ಚಾಪೆಯನ್ನು ಎತ್ತಿಕೊಂಡರು.

ಇಪ್ಪತ್ತು ಚಾಪೆಗಳು ಕಾಂಪೌಂಡಿನ ಮೇಲೆ, ಜಗುಲಿಯ ಮೇಲೆ, ಹುಲ್ಲಿನ ಮೆದೆಯ ಮೇಲೆ ಹರಡಿಕೊಂಡವು. ಸೂರ್ಯ ಮಂಜಿನಾಚೆ ಅಳುಕುತ್ತಲೇ ಇದ್ದ. ಹತ್ತೂವರೆಗೆ ಒಂದಿಷ್ಟು ಬಿಸಿಲು ಮೂಡಿತು. ಮೂವರೂ ಸರದಿಯಂತೆ ಚಾಪೆ ಮಗುಚಿದರು. ನಡುವೆ ರಾಗಿರೊಟ್ಟಿ, ಹಿತಕವರೆ ಸಾರು. ದ್ಯಾವಯ್ಯನಿಗೆ ರೊಟ್ಟಿ ಬಡಿಸುವಾಗಲೂ ಮಾರಮ್ಮ ಬೈಯುವುದನ್ನು ನಿಲ್ಲಿಸಲಿಲ್ಲ, ಆದರೆ ಬೆಣ್ಣೆ ಹಾಕುವುದನ್ನೂ ಮರೆಯಲಿಲ್ಲ.

ಹನ್ನೆರಡೂವರೆಗೆ ತಕ್ಕಡಿ ಮತ್ತೆ ನೇತುಬಿತ್ತು. ನಾನೂರ ಎಪ್ಪತ್ತು. ನಾನೂರ ಅರವತ್ತೈದು. ನಾನೂರ ಎಂಬತ್ತು. ಭವ್ಯಶ್ರೀ ಗಟ್ಟಿಯಾಗಿ ಕೂಗುತ್ತ ಹೋದರು. ಓದು ಬಾರದ ಮಾರಮ್ಮ ಮುಳ್ಳಿನ ಕಡೆ ನೋಡಲೇ ಇಲ್ಲ, ಭವ್ಯಶ್ರೀಯ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತರಲ್ಲಿ ಎಲ್ಲಕ್ಕಿಂತ ಭಾರದ್ದು ನಾನೂರ ತೊಂಬತ್ತೈದು.

"ಎಲ್ಲಾ ಪಾಸು ಅವ್ವ!"

ಮಾರಮ್ಮ ಬೆಳಿಗ್ಗೆ ಕೊಯ್ದು ತಂದ ಜೊಂಡಿನ ಹೊರೆಯ ಬಳಿ ಹೋಗಿ, ಬಗ್ಗಿ, ಎರಡೂ ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಭವ್ಯಶ್ರೀ ಹೊರಡುವಾಗ ಕಾಲು ಮುಟ್ಟಲು ಬಾಗಿದರೆ ಅವರ ತೋಳು ಹಿಡಿದು ತಡೆದರು. "ನಂಗ್ ಯಾಕವ್ವ? ನೀನ್ ಕೇಳಿದ್ಕಲ್ವಾ ನಾನ್ ಮಾಡಿದ್ದು. ಕೇಳೋರೇ ಇಲ್ದೆ ಓಗಿದ್ರೆ ಈ ಕೈಗೆ ಇದೆಲ್ಲಾ ಬತ್ತದೆ ಅಂತ ನಂಗೇ ತಿಳೀತಿರ್ನಿಲ್ಲ."

ಇನ್ನೇನು ಬೇಕೆಂದು ಕೇಳಿದರೆ ಅವರು ಚೌಕಟ್ಟನ್ನು ತೋರಿಸುತ್ತಾರೆ. "ಈ ಕಡೆ ಕಂಬ ತುಂಬ್ತು. ಆ ಕಡೆ ಕಂಬ ಖಾಲಿ ಐತೆ. ಅಷ್ಟು ಗೆರೆ ಬಿದ್ರೆ ಸಾಕು ಕಣಪ್ಪ. ಬೆಟ್ಟದ್ ಮ್ಯಾಲೆ ಯಾರೂ ಸ್ವಂಟ ಇಡ್ಕಂಡು ಏಳ್ದಂಗಿದ್ರೆ ಅದೇ ನನ್ ಸಂಬ್ಳ."

ಊರೂರು ಅಲೆಯುವ ಈ ಸಾಲುಗಳ ಬರಹಗಾರ ಟಿಪ್ಪಣಿ ಪುಸ್ತಕವನ್ನು ಮುಚ್ಚಿ, ರಾತ್ರಿ ಹಾಸಿಕೊಳ್ಳುವ ತನ್ನ ಜಮಖಾನ ಮಡಚಿ, ಚೀಲದ ಬಾಯಿ ಕಟ್ಟುತ್ತಾನೆ. ಮಾರಮ್ಮ ಆ ಜಮಖಾನವನ್ನು ಕನಿಕರದಿಂದ ನೋಡುತ್ತಾರೆ. "ಇದ್ರ ಮ್ಯಾಲೆ ಮಲಗ್ತೀಯಾ? ಬಾ ಇಲ್ಲಿ, ನಿಂತ್ಕೊ." ಖಾಲಿ ಕಂಬದ ಮೇಲೆ ಇದ್ದಿಲಿನ ಮೊದಲ ಗೆರೆ ಬೀಳುತ್ತದೆ. ಚಾಪೆಗೆ ಎಂಟು ದಿನ ಬೇಕು, ಹಾಸನದ ಮುಂದಿನ ಬಸ್ಸಿಗೆ ಇನ್ನು ಹತ್ತೇ ನಿಮಿಷ. "ಓಗು, ಎಲ್ಲಾದ್ರೂ ತಿರುಗು. ಅಳತೆ ಕೊಟ್ಟೋನು ಚಾಪೇಗೆ ಬರ್ಲೇಬೇಕು."

ಚೀಲ ಹೆಗಲಿಗೇರುತ್ತದೆ. ದಂಡೆಯ ರಸ್ತೆಯ ತಿರುವಿನವರೆಗೂ ಬೆನ್ನ ಹಿಂದೆ ಒಂದೇ ಸದ್ದು: ಮಾರಮ್ಮ ಗೂಟದ ತಲೆಗೆ ಕಲ್ಲು ಎತ್ತಿ ಹಾಕಿ, ಅದನ್ನು ನೆಲಕ್ಕೆ ಇನ್ನಷ್ಟು ಆಳವಾಗಿ ಬಡಿಯುತ್ತಿದ್ದಾರೆ.