ಮಗ್ಗದ ಮನೆಯ ರ್‍ಯಾಲಿ ಕಾರು

ಒಡೆಯರಪಾಳ್ಯಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲಾದರೂ ಕೈಕೊಟ್ಟರೆ ಕಾರನ್ನು ಮಾರಿಬಿಡಬೇಕು, ಶೆಡ್ಡಿಗೆ ಮಗ್ಗ ವಾಪಸ್ ಬರಬೇಕು. ನನ್ನ ಗಂಡ ಹಾಕಿದ ಷರತ್ತು ಇದು. ನಾನು ಸಿಟ್ಟಿನಲ್ಲಿ ಆಗಲಿ ಎಂದುಬಿಟ್ಟಿದ್ದೆ. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ.

ಅವರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ನಾನು ಯಳಂದೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಅಲ್ಲಿಯ ಅಕ್ಕಿ ಗಿರಣಿಯೊಂದರ ಹಿಂದೆ, ಹೊಟ್ಟಿನ ರಾಶಿಯ ಪಕ್ಕ, ಆ ಹಳೆಯ ನಾಲ್ಕು ಬಾಗಿಲಿನ ಕಾರು ನನ್ನ ಕಣ್ಣಿಗೆ ಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಇಂಥದೇ ಕಾರುಗಳು ಬಾಗಿಲಿಗೆ ನಂಬರು ಬರೆದುಕೊಂಡು, ಧೂಳೆಬ್ಬಿಸಿಕೊಂಡು ಹನೂರಿನ ರಸ್ತೆಯಲ್ಲಿ ರ್‍ಯಾಲಿ ಓಡಿದ್ದನ್ನು ಕಂಡಿದ್ದೆ. ಆ ಆಸೆ ಹೊಟ್ಟೆಯಲ್ಲೇ ಇತ್ತು. ಕಾರನ್ನು ಎಳೆಸಿಕೊಂಡು ಬಂದೆ. ಹಿತ್ತಿಲ ಶೆಡ್ಡಿನಲ್ಲಿದ್ದ ಎರಡನೆಯ ಮಗ್ಗವನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ. ಅವರು ಅಂದು ಊಟಕ್ಕೆ ಕೂರಲಿಲ್ಲ.

ಆಮೇಲಿನ ರಜೆಗಳೆಲ್ಲ ಅದಕ್ಕೇ ಹೋದವು. ತುಕ್ಕು ಕೆರೆದು ಹೊಸ ತಗಡು ಬೆಸುಗೆ ಹಾಕಿಸಿದೆ. ಸ್ಪ್ರಿಂಗ್ ಬದಲಿಸಿ ಕಾರನ್ನು ಎತ್ತರಿಸಿದೆ. ಕಲ್ಲು ಬಡಿಯದಂತೆ ಎಂಜಿನ್ನಿನ ಕೆಳಗೆ ಕಬ್ಬಿಣದ ತಟ್ಟೆ, ದೊಡ್ಡ ಕಾರ್ಬ್ಯುರೇಟರ್, ಎರಡೂ ಭುಜವನ್ನು ಸೀಟಿಗೆ ಬಿಗಿಯುವ ರ್‍ಯಾಲಿ ಬೆಲ್ಟು. ಹಳೆಯ ಕೀಲಿಯನ್ನು ಕಿತ್ತುಹಾಕಿ ಎಂಜಿನ್ ಆರಿಸಲು ಒಂದು ಕೆಂಪು ಸ್ವಿಚ್ ಕೂರಿಸಿದೆ. ಅದು ಪಕ್ಕದವರಿಗೂ ಎಟುಕಬೇಕೆಂದು ಡ್ಯಾಶ್‌ಬೋರ್ಡಿನ ಎಡಕ್ಕೇ ಇಟ್ಟಿದ್ದೆ.

ಹೊರಡುವ ದಿನ ಬಾನೆಟ್ ಎತ್ತಿದರೆ ಎಂಜಿನ್ ಫಳಫಳ ಹೊಳೆಯುತ್ತಿತ್ತು.

“ನೀನು ಪೇಪರ್ ತಿದ್ತಿದ್ದಲ್ಲ, ಆಗ ಒರೆಸ್ದೆ. ಒರ್ಗಡೆ ಓಯ್ತಾ ಇರದು, ಮಸಿ ಮಸಿ ಇತ್ತು,” ಎಂದರು ನನ್ನ ಗಂಡ.

ನಮ್ಮ ಮನೆಯಲ್ಲಿ ಬೆಲೆಬಾಳುವ ಯಾವುದನ್ನೂ ಬಟ್ಟೆಯಲ್ಲಿ ಒರೆಸುವುದಿಲ್ಲ. ದೇವರ ದೀಪವಿರಲಿ, ಕನ್ನಡಕವಿರಲಿ, ಮಗ್ಗದ ಕೆಳಗೆ ಉದುರಿದ ರೇಷ್ಮೆ ಎಳೆಗಳನ್ನು ಉಂಡೆ ಮಾಡಿ ಅದರಲ್ಲೇ ಒರೆಸುವುದು. ಮುನಿಸಿಕೊಂಡಿದ್ದ ಮನುಷ್ಯ ನನ್ನ ಕಾರಿಗೆ ಆ ಮರ್ಯಾದೆ ಕೊಟ್ಟಿದ್ದರು. ನಾನು ಕರಗಿದ್ದನ್ನು ತೋರಿಸಿಕೊಳ್ಳದೆ, “ಆನೆ ಅಡ್ಡ ಬಂದ್ರೂ ಆ ಕೆಂಪ್ ಸ್ವಿಚ್ ಮಾತ್ರ ಮುಟ್ಬೇಡಿ,” ಎಂದು ಗದರಿಸಿ ಕೂರಿಸಿಕೊಂಡೆ.

ಕಾಮಗೆರೆ, ಹನೂರು, ಲೊಕ್ಕನಹಳ್ಳಿ ದಾಟಿ ಕಾಡಿನ ಏರು ಹತ್ತುವವರೆಗೂ ಅವರು ಬಾಗಿಲ ಹಿಡಿ ಬಿಡಲಿಲ್ಲ. ನಾನು ಎಂಜಿನ್ನಿನ ಒಂದೊಂದು ಸದ್ದಿಗೂ ಕಿವಿಗೊಟ್ಟು ಕೂತಿದ್ದೆ. ಒಡೆಯರಪಾಳ್ಯದಲ್ಲಿ ಟಿಬೆಟಿನವರ ಅಂಗಡಿಯಲ್ಲಿ ಮೊಮೊ ತಿಂದೆವು. “ಪರ್ವಾಗಿಲ್ಲ ಕಣೆ,” ಎಂದವರು, ನಾನು ನಗುವ ಮೊದಲೇ, “ಇನ್ನೂ ಅರ್ಧ ದಾರಿ ಅದೆ,” ಎಂದು ಸೇರಿಸಿದರು.

ವಾಪಸ್ ಬರುವಾಗ, ಇಳಿಜಾರು ಶುರುವಾಗುವ ಮೊದಲಿನ ಚಿಕ್ಕ ದಿಬ್ಬಕ್ಕೆ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ದಿಬ್ಬ ಮುಗಿಯಿತು, ಕಾಲು ತೆಗೆದೆ. ಎಂಜಿನ್ನಿನ ಸದ್ದು ಇಳಿಯಲಿಲ್ಲ. ಪೆಡಲ್ಲು ಕೆಳಗೇ ಕಚ್ಚಿಕೊಂಡಿತ್ತು. ಕಾಲ್ಬೆರಳು ಸಿಕ್ಕಿಸಿ ಎತ್ತಲು ನೋಡಿದೆ, ಬರಲಿಲ್ಲ. ಬ್ರೇಕ್ ತುಳಿದೆ. ಕಾರು ಬ್ರೇಕನ್ನೂ ಎಳೆದುಕೊಂಡೇ ಇಳಿಯಿತು. ಸುಟ್ಟ ವಾಸನೆ ಬಂತು. ಕ್ಲಚ್ ಒತ್ತಿದರೆ ಎಂಜಿನ್ ಸಿಡಿದುಹೋಗುವಂತೆ ಕಿರುಚಿತು, ಬಿಟ್ಟರೆ ಕಾರು ನುಗ್ಗಿತು. ಮುಂದಿನ ತಿರುವಿನಲ್ಲಿ ದನಗಳು. ರಸ್ತೆ ತುಂಬ. ಅವುಗಳ ಹಿಂದೆ ಕೋಲು ಹಿಡಿದ ಒಬ್ಬ ಅಜ್ಜಿ, ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಳು.

ಸ್ವಿಚ್ಚಿಗೆ ಕೈ ಚಾಚಿದೆ. ಭುಜದ ಬೆಲ್ಟು ನನ್ನನ್ನು ಸೀಟಿಗೇ ಹಿಡಿದುಕೊಂಡಿತು. ಬೆರಳು ಗೇಣುದ್ದ ದೂರದಲ್ಲೇ ನಿಂತಿತು.

“ಕೆಂಪ್ ಸ್ವಿಚ್ ಒತ್ರಿ.”

“ಮುಟ್ಬೇಡ ಅಂದಿದ್ದಲ್ಲ?”

“ಒತ್ರೀ, ಅಜ್ಜಿ ಸಾಯ್ತಾಳೆ.”

ಅವರು ಅಂಗೈಯಿಂದ ಗುದ್ದಿದರು. ಎಂಜಿನ್ ಸತ್ತಿತು. ಗೇರಿನಲ್ಲೇ ಇದ್ದ ಕಾರು ಮುಗ್ಗರಿಸಿತು, ಬ್ರೇಕು ಕೊನೆಗೂ ಹಿಡಿಯಿತು. ಕಡೆಯ ಹಸುವಿನ ಬಾಲ ಬಾನೆಟ್ಟಿಗೆ ಬಡಿಯುವಷ್ಟು ಹತ್ತಿರ ನಿಂತೆವು. ಅಜ್ಜಿ ತಿರುಗಿ ನೋಡಿದಳು. “ಏನವ್ವ, ಕಾರ್ಗೆ ದೆವ್ವ ಮೆಟ್ಕಂಡಿತ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ದನ ಹೊಡೆದುಕೊಂಡು ಹೋದಳು.

ಅವರು ಇಳಿದು ಮೋರಿ ಕಟ್ಟೆಯ ಮೇಲೆ ಕೂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಾನೆಟ್ ಎತ್ತಿದೆ. ಕಾರ್ಬ್ಯುರೇಟರಿನ ಪಕ್ಕ, ಆಕ್ಸಿಲರೇಟರ್ ಒತ್ತಿದರೆ ತಿರುಗುವ ಸಣ್ಣ ಕಡ್ಡಿಗೆ ಒಂದು ಎಳೆ ಸುತ್ತಿಕೊಂಡು ಬಿಗಿದಿತ್ತು. ಅದನ್ನು ವಾಪಸ್ ಎಳೆಯಬೇಕಾದ ಸ್ಪ್ರಿಂಗು ಹಿಗ್ಗಿದಂತೆಯೇ ನಿಂತಿತ್ತು. ಹತ್ತಿಯ ದಾರವಾಗಿದ್ದರೆ ಎಂದೋ ತುಂಡಾಗುತ್ತಿತ್ತು. ಇದು ರೇಷ್ಮೆ. ದಾಳಿಂಬೆ ಬಣ್ಣದ್ದು. ಆ ವಾರ ಮಗ್ಗದ ಮೇಲಿದ್ದದ್ದು ದಾಳಿಂಬೆ ಬಣ್ಣದ ಸೀರೆ.

ಬ್ಲೇಡಿನಿಂದ ಕೊಯ್ದು ತೆಗೆದೆ. ಸ್ಪ್ರಿಂಗು ಟಪ್ಪೆಂದು ಸರಿಹೋಯಿತು. ಕಾರಿನದು ಏನೂ ತಪ್ಪಿರಲಿಲ್ಲ. ಅಂಗೈಯಲ್ಲಿರುವ ಇದನ್ನು ತೋರಿಸಿದರೆ ಸಾಕು, ಷರತ್ತು ಬಿದ್ದುಹೋಗುತ್ತದೆ, ಕಾರು ಉಳಿಯುತ್ತದೆ. ತೋರಿಸಿದರೆ ಈ ಮನುಷ್ಯ ಇನ್ನು ಮಗ್ಗದ ಮುಂದೆ ಕೂತಾಗಲೆಲ್ಲ ಆ ಅಜ್ಜಿಯ ಬೆನ್ನನ್ನೇ ಕಾಣುತ್ತಾರೆ. ನನ್ನ ಕಾರನ್ನು ಅವರು ಪ್ರೀತಿಯಿಂದ ಮುಟ್ಟಿದ್ದು, ಎಂಜಿನ್ ಒರೆಸಿದ ಅದೊಂದೇ ಸಲ. ನನಗೆ ಅಳು ಬಂತು. ಮುಷ್ಟಿ ಮುಚ್ಚಿದೆ.

“ಸ್ಪ್ರಿಂಗ್ ಸೋತೋಗದೆ,” ಎಂದೆ. “ನಾನು ಸರಿಯಾಗಿ ಹಾಕಿರ್ಲಿಲ್ಲ. ಮಾರ್ಬುಡವ.”

ಅವರು ಎದ್ದು ಬಂದರು. ನನ್ನ ಮುಖವನ್ನೇ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಇಷ್ಟು ಸಲೀಸಾಗಿ ಸೋತದ್ದನ್ನು ಅವರು ಕಂಡಿರಲಿಲ್ಲ.

“ಕೈ ಬಿಚ್ಚು.”

“ಏನೂ ಇಲ್ಲ.”

“ಬೆರಳ್ ಸಂದೀಲಿ ಕಾಣ್ತಾ ಅದೆ ಕಣೆ. ನನ್ ದಾರ ನಂಗೆ ಗೊತ್ತಾಗಲ್ವಾ?”

ಬಿಚ್ಚಿದೆ. ಅವರು ಎಳೆಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದರು. ದನಗಳ ಗಂಟೆ ಸದ್ದು ಕೆಳಗಿನ ತಿರುವಿನಲ್ಲಿ ಇನ್ನೂ ಕೇಳುತ್ತಿತ್ತು. ಆಮೇಲೆ ಎಳೆಯನ್ನು ಬೆರಳಿಗೆ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕಾರಿನೊಳಗೆ ಕೂತು ಬೆಲ್ಟನ್ನು ತಾವೇ ಬಿಗಿದುಕೊಂಡರು. ಕೈ ಚಾಚಿ, ಬೆರಳನ್ನು ಕೆಂಪು ಸ್ವಿಚ್ಚಿನ ಮೇಲೆ ಇಟ್ಟರು.

“ಮಾರದೇನೂ ಬ್ಯಾಡ, ಓಡ್ಸು,” ಎಂದರು. “ಇದ ಇಡ್ಕಂಡೇ ಇರ್ತೀನಿ.”

ಕೊಳ್ಳೇಗಾಲ ಬರುವವರೆಗೂ ಆ ಬೆರಳು ಅಲ್ಲೇ ಇತ್ತು.